ಸೋರದೆ, ಹೊಗೆಯಾಡದೆ ಕರಗಿದ ಆಯಿಲ್: ಟೊಯೋಟಾ 2.4 ಲೀಟರ್ ಎಂಜಿನ್‌ನ ಒಂದು ಪ್ರಕರಣ

ಹಳೆಯ ಕಾರು ಎಂಜಿನ್ ಆಯಿಲ್ ಕುಡಿಯುತ್ತದೆ ಎಂದರೆ ನಮ್ಮಲ್ಲಿ ಹೆಚ್ಚಿನವರ ಕಣ್ಣಿಗೆ ಕಟ್ಟುವ ಚಿತ್ರ ಒಂದೇ: ಸೈಲೆನ್ಸರ್‌ನಿಂದ ಬುಸುಬುಸು ಹೊರಬರುವ ನೀಲಿ ಹೊಗೆ, ನಿಲ್ಲಿಸಿದ ಜಾಗದಲ್ಲಿ ಕಪ್ಪು ಕಲೆ. ಈ ಎರಡೂ ಇಲ್ಲದೆ ಲೀಟರುಗಟ್ಟಲೆ ಆಯಿಲ್ ಮಾಯವಾದ ಪ್ರಕರಣವೊಂದನ್ನು ಇಲ್ಲಿ ವಿವರವಾಗಿ ನೋಡೋಣ. ಇದಕ್ಕೆ ಕಾರಣವಾದದ್ದು ಯಾರೋ ಗುಜರಿಗೆ ಹಾಕಲು ಹೊರಟ ಎಂಜಿನ್ ಅಲ್ಲ. ಬಾಳಿಕೆಗೆ ಹೆಸರಾದ ಕಂಪನಿಯೊಂದು ತನ್ನ ಅತ್ಯಂತ ಜನಪ್ರಿಯ ಕಾರುಗಳಲ್ಲಿ ಕೂರಿಸಿದ ಎಂಜಿನ್ ಇದು.

ಎಂಜಿನ್‌ನ ಹೆಸರು 2ಎಝಡ್-ಎಫ್‌ಇ. 2362 ಸಿಸಿ, ನಾಲ್ಕು ಸಿಲಿಂಡರ್, ಹದಿನಾರು ವಾಲ್ವ್, ಬೆಲ್ಟ್ ಬದಲು ಟೈಮಿಂಗ್ ಚೈನ್, ಅಲ್ಯೂಮಿನಿಯಂ ಬ್ಲಾಕಿನೊಳಗೆ ಬೀಡುಕಬ್ಬಿಣದ ಲೈನರ್. 2000ದಿಂದಲೇ ತಯಾರಾಗುತ್ತಿದ್ದ ಈ ಎಂಜಿನ್‌ನ ಮೊದಲ ಕಂತಿನಲ್ಲಿ ಬೇರೊಂದು ತೊಂದರೆಯಿತ್ತು: ಹೆಡ್ ಬೋಲ್ಟ್ ಕೂರುವ ಮರೆಗಳು (ಥ್ರೆಡ್) ಬ್ಲಾಕಿನಲ್ಲಿ ಕಿತ್ತುಕೊಂಡು ಕೂಲಂಟ್ ಸೋರುತ್ತಿತ್ತು. ಅದನ್ನು ಸರಿಪಡಿಸಿದ ನಂತರದ ಕಂತಿನಲ್ಲಿ ಆಯಿಲ್ ತೊಂದರೆ ಕಾಣಿಸಿಕೊಂಡಿತು. ಅಮೆರಿಕದಲ್ಲಿ ಮಾರಾಟವಾದ 2007ರಿಂದ 2009ರವರೆಗಿನ ಕ್ಯಾಮ್ರಿ, 2006ರಿಂದ 2008ರವರೆಗಿನ ರಾವ್4, ಆ ಕಾಲದ ಸೋಲಾರಾ ಮತ್ತು ಟೊಯೋಟಾದ್ದೇ ಆದ ಸಯಾನ್ ಟಿಸಿ ಮುಂತಾದ ಮಾದರಿಗಳು ಇದರ ಮುಖ್ಯ ಬಾಧಿತರು.

ಮಾಲೀಕರ ದೂರು ಹೆಚ್ಚುಕಡಿಮೆ ಒಂದೇ ಬಗೆಯದು. ಕಾರು ಚೆನ್ನಾಗಿ ಓಡುತ್ತದೆ, ಪಿಕಪ್ ಕುಗ್ಗಿಲ್ಲ, ಮೈಲೇಜ್ ಇಳಿದಿಲ್ಲ. ಒಂದು ದಿನ ತಿರುವಿನಲ್ಲೋ ಬ್ರೇಕ್ ಒತ್ತಿದಾಗಲೋ ಡ್ಯಾಶ್‌ಬೋರ್ಡಿನಲ್ಲಿ ಆಯಿಲ್ ದೀಪ ಮಿಂಚಿ ಆರಿಹೋಗುತ್ತದೆ. ಡಿಪ್‌ಸ್ಟಿಕ್ ಎಳೆದು ನೋಡಿದರೆ ತುದಿಯಲ್ಲಿ ಜಿಡ್ಡೂ ಇಲ್ಲ. ಹಿಂದಿನ ಸರ್ವಿಸ್ ಆಗಿ ನಾಲ್ಕೈದು ತಿಂಗಳಷ್ಟೇ ಆಗಿರುತ್ತದೆ. ಕಾರಿನ ಕೆಳಗೆ ಬಗ್ಗಿ ನೋಡಿದರೆ ಒಂದು ಹನಿ ಸೋರಿಕೆಯೂ ಕಾಣುವುದಿಲ್ಲ.

ಆಯಿಲ್ ದೀಪದ ಬಗ್ಗೆ ಇಲ್ಲೇ ಒಂದು ಮಾತು ಹೇಳಬೇಕು. ಕೆಂಪು ಬಣ್ಣದ ಆ ಹೂಜಿಯ ಗುರುತು ತೋರಿಸುವುದು ಆಯಿಲ್‌ನ ಒತ್ತಡವನ್ನು, ಮಟ್ಟವನ್ನಲ್ಲ. ಸಂಪ್‌ನಲ್ಲಿ, ಅಂದರೆ ಎಂಜಿನ್ ತಳದ ಆಯಿಲ್ ತೊಟ್ಟಿಯಲ್ಲಿ, ಆಯಿಲ್ ಎಷ್ಟು ಕೆಳಗಿಳಿದರೂ ಪಂಪ್‌ನ ಹೀರುಕೊಳವೆಯ ಬಾಯಿ ಮುಳುಗಿರುವವರೆಗೆ ಒತ್ತಡ ಸರಿಯಾಗಿಯೇ ಇರುತ್ತದೆ. ತಿರುವಿನಲ್ಲಿ ಆಯಿಲ್ ಒಂದು ಬದಿಗೆ ಸರಿದು ಪಂಪ್ ಗಾಳಿ ಎಳೆದಾಗ ಮಾತ್ರ ದೀಪ ಹತ್ತುತ್ತದೆ. ಆ ಕ್ಷಣದಲ್ಲಿ ಕ್ರ್ಯಾಂಕ್‌ಶಾಫ್ಟ್‌ನ ಬೇರಿಂಗ್‌ಗಳು ಆಯಿಲ್ ಇಲ್ಲದೆ ತಿರುಗುತ್ತಿರುತ್ತವೆ. ದೀಪ ಹತ್ತಿದ ಮೇಲೆ ಆಯಿಲ್ ಹಾಕಿದರಾಯಿತು ಎಂದುಕೊಂಡವರು ಎಂಜಿನ್ ಆಯುಷ್ಯದ ಒಂದು ಭಾಗವನ್ನು ಆಗಲೇ ಕಳೆದುಕೊಂಡಿರುತ್ತಾರೆ.

ಉಂಗುರದ ಹಿಂದಿನ ರಂಧ್ರಗಳು

ಆಯಿಲ್ ಹೋಗುತ್ತಿದ್ದದ್ದು ಎಲ್ಲಿಗೆ? ಉತ್ತರ ಪಿಸ್ಟನ್‌ನಲ್ಲಿದೆ. ಪ್ರತಿ ಪಿಸ್ಟನ್ನಿನ ತಲೆಯ ಕೆಳಗೆ ಮೂರು ರಿಂಗ್‌ಗಳು ಕೂರುತ್ತವೆ. ಮೊದಲನೆಯದು ಸ್ಫೋಟದ ಒತ್ತಡ ಕೆಳಗಿಳಿಯದಂತೆ ತಡೆಯುತ್ತದೆ. ಎರಡನೆಯದು ಆ ಕೆಲಸದಲ್ಲಿ ನೆರವಾಗುವುದರ ಜೊತೆಗೆ ಸಿಲಿಂಡರ್ ಗೋಡೆಯ ಆಯಿಲನ್ನು ಕೆಳಕ್ಕೆ ಸವರುತ್ತದೆ. ಮೂರನೆಯದು ಆಯಿಲ್ ರಿಂಗ್. ಅದು ಒಂದೇ ತುಂಡಲ್ಲ: ಬ್ಲೇಡಿನಷ್ಟು ತೆಳುವಾದ ಎರಡು ಉಕ್ಕಿನ ಪಟ್ಟಿಗಳು, ಅವುಗಳ ನಡುವೆ ಅಲೆಅಲೆಯಾಗಿ ಬಾಗಿದ ಒಂದು ಸ್ಪ್ರಿಂಗ್. ಪಿಸ್ಟನ್ ಕೆಳಗಿಳಿಯುವಾಗ ಈ ಪಟ್ಟಿಗಳು ಗೋಡೆಯ ಆಯಿಲನ್ನು ಕೆರೆದು ತೆಗೆಯುತ್ತವೆ. ಕೆರೆದ ಆಯಿಲ್ ರಿಂಗಿನ ಹಿಂದೆ, ಪಿಸ್ಟನ್ನಿನಲ್ಲೇ ಕೊರೆದಿರುವ ಸಣ್ಣ ರಂಧ್ರಗಳ ಮೂಲಕ ಒಳಕ್ಕೆ ಹರಿದು ಮತ್ತೆ ಸಂಪ್ ಸೇರುತ್ತದೆ.

ಈ ಎಂಜಿನ್ ಬಿಚ್ಚಿದ ಮೆಕ್ಯಾನಿಕ್‌ಗಳು ಪಿಸ್ಟನ್ ಹೊರತೆಗೆದು ನೋಡಿದಾಗ ಕಂಡದ್ದು ಏನೆಂದರೆ, ಆಯಿಲ್ ರಿಂಗ್ ತನ್ನ ತೋಡಿನಲ್ಲಿ ಅಂಟಿಕೊಂಡು ಕೂತಿದೆ. ಸ್ಪ್ರಿಂಗಿನ ಅಲೆಗಳ ನಡುವೆ ಕಪ್ಪು, ಗಟ್ಟಿ ಇದ್ದಿಲಿನಂಥ ಕಿಟ್ಟ ತುಂಬಿದೆ. ಅದನ್ನು ಬಿಡಿಸಿ ನೋಡಿದರೆ ಹಿಂದಿನ ರಂಧ್ರಗಳು ಮುಚ್ಚಿಹೋಗಿವೆ. ತಂತಿ ಚುಚ್ಚಿದರೆ ಕಿಟ್ಟ ಪುಡಿಯಾಗಿ ಉದುರುತ್ತದೆ. ಸಿಲಿಂಡರ್ ಗೋಡೆ ಮಾತ್ರ ಎಷ್ಟೋ ಸಲ ಒಳ್ಳೆಯ ಸ್ಥಿತಿಯಲ್ಲೇ ಇರುತ್ತದೆ, ಕಾರ್ಖಾನೆಯಲ್ಲಿ ಹೋನಿಂಗ್ ಮಾಡಿದ ಓರೆಗೆರೆಗಳು ಇನ್ನೂ ಕಾಣುತ್ತಿರುತ್ತವೆ. ಅಂದರೆ ಬೋರ್ (ಸಿಲಿಂಡರಿನ ಒಳಮೈ) ಸವೆದಿಲ್ಲ, ಕೆರೆದ ಆಯಿಲ್‌ಗೆ ವಾಪಸ್ ಹೋಗುವ ದಾರಿ ಮುಚ್ಚಿದೆ. ದಾರಿಯಿಲ್ಲದ ಆಯಿಲ್ ಗೋಡೆಯ ಮೇಲೇ ಉಳಿದು, ಮೇಲಕ್ಕೆ ಸರಿದು, ಪೆಟ್ರೋಲಿನ ಜೊತೆ ಉರಿಯುತ್ತದೆ. ಉರಿದ ಆಯಿಲ್ ಮತ್ತಷ್ಟು ಕಿಟ್ಟ ಕಟ್ಟುತ್ತದೆ, ಕಿಟ್ಟ ಇನ್ನಷ್ಟು ರಂಧ್ರಗಳನ್ನು ಮುಚ್ಚುತ್ತದೆ. ಆದ್ದರಿಂದಲೇ ಈ ತೊಂದರೆ ಒಂದು ಹಂತದವರೆಗೆ ನಿಧಾನವಾಗಿ ಬೆಳೆದು ಆಮೇಲೆ ದಿಢೀರನೆ ಏರುತ್ತದೆ.

ಹೊಗೆ ಏಕೆ ಕಾಣಲಿಲ್ಲ ಎಂಬುದಕ್ಕೆ ಒಂದು ಸರಳ ಲೆಕ್ಕವಿದೆ. ಎರಡು ಸಾವಿರ ಕಿಲೋಮೀಟರಿಗೆ ಒಂದು ಲೀಟರ್ ಆಯಿಲ್ ಸುಡುವ ಕಾರನ್ನು ತೆಗೆದುಕೊಳ್ಳಿ. ಸಾವಿರ ಕಿಲೋಮೀಟರಿಗೆ ಅರ್ಧ ಲೀಟರ್ ಆಯಿತು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ, ಎಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗುತ್ತಿದ್ದರೆ, ಸಾವಿರ ಕಿಲೋಮೀಟರ್ ಮುಗಿಯುವಷ್ಟರಲ್ಲಿ ಇಪ್ಪತ್ತು ಲಕ್ಷ ಸುತ್ತು. ನಾಲ್ಕು ಸಿಲಿಂಡರಿನ ಎಂಜಿನ್ ಒಂದು ಸುತ್ತಿಗೆ ಎರಡು ಬಾರಿ ಉರಿಯುತ್ತದೆ, ಅಂದರೆ ನಲವತ್ತು ಲಕ್ಷ ಸ್ಫೋಟಗಳು. ಅರ್ಧ ಲೀಟರನ್ನು ಅಷ್ಟಕ್ಕೂ ಹಂಚಿದರೆ, ಇಪ್ಪತ್ತು ಹನಿಗೆ ಒಂದು ಮಿಲಿಲೀಟರ್ ಎಂಬ ಲೆಕ್ಕದಲ್ಲಿ, ಒಂದು ಹನಿ ಆಯಿಲ್ ಸುಮಾರು ನಾನೂರು ಸ್ಫೋಟಗಳಿಗೆ ಸಾಕಾಗುತ್ತದೆ. ಇಷ್ಟು ಅಲ್ಪ ಪ್ರಮಾಣದ ಆಯಿಲ್ ಸಿಲಿಂಡರಿನಲ್ಲಿ ಉರಿದು, ಉಳಿದದ್ದು ಹೊಗೆಯನ್ನು ಶುದ್ಧಗೊಳಿಸುವ, ಬಿಸಿಯಾದ ಕ್ಯಾಟಲಿಟಿಕ್ ಕನ್ವರ್ಟರ್‌ನಲ್ಲಿ ಸುಟ್ಟು ಹೋದರೆ ಸೈಲೆನ್ಸರ್ ತುದಿಯಲ್ಲಿ ನೀಲಿ ಬಣ್ಣ ಎಲ್ಲಿಂದ ಬರಬೇಕು? ಹೊಗೆ ಕಾಣುವ ಹೊತ್ತಿಗೆ ಪರಿಸ್ಥಿತಿ ಇದಕ್ಕಿಂತ ಬಹಳ ಮುಂದೆ ಹೋಗಿರುತ್ತದೆ.

ಗ್ಯಾರೇಜುಗಳಲ್ಲಿ ರೋಗಪತ್ತೆ ಹಾದಿ ತಪ್ಪಿದ್ದೂ ಇದೇ ಕಾರಣಕ್ಕೆ. ಆಯಿಲ್ ಕಡಿಮೆಯಾಗುತ್ತಿದೆ ಎಂದೊಡನೆ, ಸಿಲಿಂಡರಿನ ಒತ್ತಡವನ್ನು ಮಾಪಕದಿಂದ ಅಳೆಯುವ ಕಂಪ್ರೆಷನ್ ಪರೀಕ್ಷೆ ಮಾಡುವುದು ವಾಡಿಕೆ. ಆದರೆ ಆ ಮಾಪಕ ಅಳೆಯುವುದು ಮೇಲಿನ ಎರಡು ರಿಂಗ್ ಮತ್ತು ವಾಲ್ವ್‌ಗಳ ಬಿಗಿಯನ್ನು. ಆಯಿಲ್ ರಿಂಗ್ ಪೂರ್ತಿ ಅಂಟಿಹೋಗಿದ್ದರೂ ನಾಲ್ಕೂ ಸಿಲಿಂಡರಿನಲ್ಲಿ ಅಂಕಿ ಸರಿಯಾಗಿಯೇ ಬರುತ್ತದೆ. ಗೋಡೆಯ ಮೇಲಿನ ಹೆಚ್ಚುವರಿ ಆಯಿಲ್ ಸಂದನ್ನು ಮುಚ್ಚಿ ಅಂಕಿಯನ್ನು ಸ್ವಲ್ಪ ಮೇಲೆತ್ತುವುದೂ ಉಂಟು. "ಕಂಪ್ರೆಷನ್ ಚೆನ್ನಾಗಿದೆ, ಎಂಜಿನ್ ಸರಿಯಿದೆ" ಎಂಬ ತೀರ್ಪು ಬಂದ ಮೇಲೆ, ಎಂಜಿನ್‌ನ ಕೆಳಭಾಗದಲ್ಲಿ ಸೇರುವ ಅನಿಲಕ್ಕೆ ದಾರಿ ಕೊಡುವ ಪಿಸಿವಿ ವಾಲ್ವ್ ಬದಲಾಗುತ್ತದೆ, ಆಮೇಲೆ ವಾಲ್ವ್ ಸೀಲ್, ಟ್ಯಾಪೆಟ್ ಕವರ್ ಗ್ಯಾಸ್ಕೆಟ್. ಪಿಸಿವಿ ವಾಲ್ವ್ ಮೊದಲು ನೋಡಬೇಕಾದದ್ದು ನಿಜ. ಅದು ಕಟ್ಟಿಕೊಂಡರೆ ಕ್ರ್ಯಾಂಕ್‌ಕೇಸಿನ ಒತ್ತಡ ಏರಿ ಆಯಿಲ್ ಹೊರಕ್ಕೆ ತಳ್ಳಲ್ಪಡುತ್ತದೆ, ಬದಲಿಸಲು ಖರ್ಚೂ ಕಡಿಮೆ. ವಾಲ್ವ್ ಸೀಲ್ ಹೋಗಿದ್ದರೆ ರಾತ್ರಿಯಿಡೀ ನಿಂತ ಕಾರನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಒಮ್ಮೆ ನೀಲಿ ಹೊಗೆ ಬಂದು ನಿಲ್ಲುತ್ತದೆ. ಆ ಲಕ್ಷಣ ಇಲ್ಲದ ಕಾರಿಗೆ ಸೀಲ್ ಹಾಕಿಸುವುದು ಹಣ ಕಳೆಯುವ ದಾರಿ. ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ ಸಾಲಾಗಿ ಇಟ್ಟು ನೋಡುವುದು ಇದಕ್ಕಿಂತ ಉಪಯುಕ್ತ: ಎಲೆಕ್ಟ್ರೋಡಿನ ಒಂದು ಬದಿಯಲ್ಲಿ ಬೂದಿಬಣ್ಣದ ಗಟ್ಟಿ ಕಿಟ್ಟವಿದ್ದರೆ, ಥ್ರೆಡ್‌ಗಳಲ್ಲಿ ಜಿಡ್ಡಿದ್ದರೆ ಆ ಸಿಲಿಂಡರ್ ಆಯಿಲ್ ಉರಿಸುತ್ತಿದೆ ಎಂದೇ ಅರ್ಥ.

1200 ಮೈಲಿಗೆ ಒಂದು ಕ್ವಾರ್ಟ್

2011ರಲ್ಲಿ ಟೊಯೋಟಾ ಈ ತೊಂದರೆಯ ಬಗ್ಗೆ ಅಮೆರಿಕದ ತನ್ನ ಡೀಲರ್‌ಗಳಿಗೆ ತಾಂತ್ರಿಕ ಸೂಚನೆ ಕಳಿಸಿತು. ಪಿಸ್ಟನ್ ಮತ್ತು ರಿಂಗ್‌ಗಳ ವಿನ್ಯಾಸವನ್ನು ಬದಲಿಸಲಾಗಿದೆ, ತೊಂದರೆ ಖಚಿತವಾದರೆ ಹೊಸ ಪಿಸ್ಟನ್ ಜೋಡಿಸಿ ಎಂಬುದು ಅದರ ಸಾರ. ಖಚಿತಪಡಿಸುವ ವಿಧಾನವೂ ಅದರಲ್ಲಿತ್ತು. ಡೀಲರ್ ಆಯಿಲನ್ನು ಪೂರ್ಣ ಗುರುತಿನವರೆಗೆ ತುಂಬಿಸುತ್ತಾನೆ, ಓಡೋಮೀಟರ್ ಬರೆದುಕೊಳ್ಳುತ್ತಾನೆ, ಮಾಲೀಕ 1200 ಮೈಲಿ ಓಡಿಸಿ ಕಾರು ವಾಪಸ್ ತರುತ್ತಾನೆ. ಅಷ್ಟರಲ್ಲಿ ಒಂದು ಕ್ವಾರ್ಟ್, ಅಂದರೆ 946 ಮಿಲಿಲೀಟರ್ ಅಥವಾ ಹೆಚ್ಚು ಆಯಿಲ್ ಖರ್ಚಾಗಿದ್ದರೆ ದುರಸ್ತಿ. ಅದಕ್ಕಿಂತ ಕಡಿಮೆಯಾಗಿದ್ದರೆ ಕಾರು ಸಹಜ ಮಿತಿಯೊಳಗೇ ಇದೆ ಎಂದು ಲೆಕ್ಕ.

ಇಡೀ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಈ ಗೆರೆ. 1200 ಮೈಲಿ ಎಂದರೆ 1931 ಕಿಲೋಮೀಟರ್. ಈ ಎಂಜಿನ್ ಹಿಡಿಸುವ ಆಯಿಲ್ ಫಿಲ್ಟರ್ ಸೇರಿ ಸುಮಾರು 4.3 ಲೀಟರ್. ಆಗ ಆಯಿಲ್ ಬದಲಿಸಬೇಕಿದ್ದ ಅವಧಿ 5000 ಮೈಲಿ. ಈಗ ಪರೀಕ್ಷೆಯಲ್ಲಿ ಪಾಸಾದ ಒಂದು ಕಾರನ್ನು ತೆಗೆದುಕೊಳ್ಳಿ. ಅದು 1300 ಮೈಲಿಗೆ ಒಂದು ಕ್ವಾರ್ಟ್ ಸುಡುತ್ತದೆ ಎನ್ನೋಣ. ನಿಯಮದ ಪ್ರಕಾರ ಅದಕ್ಕೆ ತೊಂದರೆಯೇ ಇಲ್ಲ. ಅದು 5000 ಮೈಲಿ ಓಡುವಷ್ಟರಲ್ಲಿ 3.6 ಲೀಟರ್ ಸುಟ್ಟಿರುತ್ತದೆ. ಮಧ್ಯೆ ಆಯಿಲ್ ಹಾಕದಿದ್ದರೆ ಲೆಕ್ಕದ ಪ್ರಕಾರ ಸಂಪ್‌ನಲ್ಲಿ ಉಳಿಯುವುದು ಮುಕ್ಕಾಲು ಲೀಟರಿಗಿಂತ ಕಡಿಮೆ. ಅಲ್ಲಿಯವರೆಗೆ ಎಂಜಿನ್ ಬದುಕುವುದಿಲ್ಲ ಎಂಬುದು ಬೇರೆ ಮಾತು.

ಆಯಿಲ್ ಸುಡುವುದು ಇಷ್ಟರವರೆಗೆ ಸಹಜ ಎಂದು ಹೇಳುವ ಕಂಪನಿ, ಸರ್ವಿಸ್‌ನಿಂದ ಸರ್ವಿಸ್‌ಗೆ ಮಾತ್ರ ಕಾರು ತನ್ನಿ ಎಂದೂ ಹೇಳಿದರೆ ಆ ಎರಡು ಮಾತುಗಳು ಒಂದಕ್ಕೊಂದು ಹೊಂದುವುದಿಲ್ಲ. ಮಾಲೀಕರ ಕೈಪಿಡಿಯಲ್ಲಿ ಆಯಿಲ್ ಮಟ್ಟವನ್ನು ಆಗಾಗ ನೋಡಿಕೊಳ್ಳಿ ಎಂದು ಬರೆದಿರುತ್ತದೆ, ನಿಜ. ಆದರೆ ಪೆಟ್ರೋಲ್ ತುಂಬಿಸುವಾಗಲೆಲ್ಲ ಬಾನೆಟ್ ಎತ್ತುವ ಅಭ್ಯಾಸವನ್ನು ಜನ ಬಿಟ್ಟದ್ದು, ಕಾರುಗಳು ಅದರ ಅಗತ್ಯವಿಲ್ಲದಂತೆ ತಯಾರಾಗತೊಡಗಿದ್ದರಿಂದ. ಟೊಯೋಟಾ ಕೊಂಡವರಿಗಂತೂ ಆ ನಂಬಿಕೆ ಇನ್ನೂ ಗಟ್ಟಿಯಾಗಿತ್ತು.

ಈ ವಿಷಯದಲ್ಲಿ ಟೊಯೋಟಾ ಒಂದನ್ನೇ ದೂರುವುದು ನ್ಯಾಯವಲ್ಲ. 2015ರಲ್ಲಿ ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆ ಹೊಸ ಕಾರುಗಳ ಆಯಿಲ್ ಬಳಕೆಯನ್ನು ಪರಿಶೀಲಿಸಿದಾಗ ಆಡಿ, ಬಿಎಂಡಬ್ಲ್ಯು, ಸುಬಾರು ಕಂಪನಿಗಳ ಕೆಲವು ಎಂಜಿನ್‌ಗಳು ಮುಂದಿನ ಸಾಲಿನಲ್ಲಿದ್ದವು. 600–700 ಮೈಲಿಗೆ ಒಂದು ಕ್ವಾರ್ಟ್ ಖರ್ಚಾದರೂ ಸಹಜವೇ ಎಂಬ ನಿಲುವನ್ನು ಕೆಲವು ತಯಾರಕರು ಹೊಂದಿದ್ದ ಸಂಗತಿ ಆಗ ಚರ್ಚೆಗೆ ಬಂತು. ಅದಕ್ಕೆ ಹೋಲಿಸಿದರೆ ಟೊಯೋಟಾದ ಗೆರೆ ಬಿಗಿಯಾಗಿಯೇ ಇತ್ತು.

ದುರಸ್ತಿಯ ಖರ್ಚು ಇನ್ನೊಂದು ಗೋಜಲು. ಅಮೆರಿಕದಲ್ಲಿ ಎಂಜಿನ್ ವಾರಂಟಿ 5 ವರ್ಷ ಅಥವಾ 60,000 ಮೈಲಿ. ಕಿಟ್ಟ ಕಟ್ಟಿ ರಂಧ್ರ ಮುಚ್ಚಲು ಕಾಲ ಬೇಕು. ಹೀಗಾಗಿ ಅನೇಕ ಕಾರುಗಳಲ್ಲಿ ತೊಂದರೆ ಎದ್ದು ಕಾಣುವಷ್ಟರಲ್ಲಿ ವಾರಂಟಿ ಮುಗಿದಿತ್ತು. 2011ರ ಸೂಚನೆ ವಾರಂಟಿಯೊಳಗಿನ ಕಾರುಗಳಿಗಷ್ಟೇ ನೆರವಾಯಿತು. ಉಳಿದವರು ಸಾವಿರಾರು ಡಾಲರ್ ಕೈಯಿಂದ ಕೊಡಬೇಕಿತ್ತು, ಇಲ್ಲವೇ ಡಿಕ್ಕಿಯಲ್ಲಿ ಆಯಿಲ್ ಡಬ್ಬಿ ಇಟ್ಟುಕೊಂಡು ಓಡಾಡಬೇಕಿತ್ತು. 2015ರ ಆರಂಭದಲ್ಲಿ ಕಂಪನಿ ಈ ಎಂಜಿನ್‌ಗೆಂದೇ ವಾರಂಟಿ ವಿಸ್ತರಣೆ ಪ್ರಕಟಿಸಿತು. 2016ರ ಅಕ್ಟೋಬರ್ 31ರವರೆಗೆ ಕಾರು ಎಷ್ಟೇ ಓಡಿದ್ದರೂ ದುರಸ್ತಿಗೆ ಅರ್ಹ. ಆ ನಂತರ ಕಾರು ರಸ್ತೆಗಿಳಿದ ದಿನದಿಂದ 10 ವರ್ಷ ಅಥವಾ 1,50,000 ಮೈಲಿ, ಯಾವುದು ಮೊದಲೋ ಅದು. ಮೊದಲೇ ಸ್ವಂತ ಹಣದಲ್ಲಿ ಮಾಡಿಸಿಕೊಂಡವರಿಗೆ ಹಣ ಮರಳಿಸುವ ಅವಕಾಶವೂ ಇತ್ತು. ಒಳ್ಳೆಯ ಕ್ರಮವೇ. ಆದರೆ 1200 ಮೈಲಿಯ ಪರೀಕ್ಷೆ ಹಾಗೆಯೇ ಉಳಿಯಿತು. 1300 ಮೈಲಿಗೆ ಒಂದು ಕ್ವಾರ್ಟ್ ಸುಡುವ ಕಾರಿನ ಮಾಲೀಕ ಆಗಲೂ ಬರಿಗೈಯಲ್ಲೇ ಮರಳಬೇಕಿತ್ತು, ತನ್ನ ಕಾರು ಇನ್ನಷ್ಟು ಕೆಡಲಿ ಎಂದು ಕಾಯುತ್ತ.

ಈಗ ಈ ಕಾರು ನಿಮ್ಮ ಬಳಿ ಇದ್ದರೆ

ಆ ಯೋಜನೆಯ ಗಡುವು ಮುಗಿದು ವರ್ಷಗಳೇ ಆದವು. ಕಾರುಗಳು ಇನ್ನೂ ಓಡುತ್ತಿವೆ. ಅಮೆರಿಕಕ್ಕೆ ಓದಲು ಹೋಗುವ ನಮ್ಮ ಹುಡುಗರು ಮೊದಲು ಹುಡುಕುವ ಸೆಕೆಂಡ್‌ಹ್ಯಾಂಡ್ ಕಾರುಗಳಲ್ಲಿ ಕ್ಯಾಮ್ರಿ ಇದ್ದೇ ಇರುತ್ತದೆ, ಕೈಗೆಟುಕುವ ಬೆಲೆಗೆ ಸಿಗುವುದು ಸಾಮಾನ್ಯವಾಗಿ ಹಳೆಯ ವರ್ಷಗಳವು. ಭಾರತದಲ್ಲೂ ಆ ತಲೆಮಾರಿನ ಕ್ಯಾಮ್ರಿ 2.4 ಲೀಟರ್ ಎಂಜಿನ್‌ನೊಂದಿಗೇ ಮಾರಾಟವಾಗಿತ್ತು, ಪೂರ್ತಿ ತಯಾರಾಗಿ ಹೊರದೇಶದಿಂದ ಬರುತ್ತಿತ್ತು. ಬಿಡದಿಯಲ್ಲಿ ಕ್ಯಾಮ್ರಿ ಜೋಡಣೆ ಶುರುವಾದದ್ದು 2012ರಲ್ಲಿ, ಮುಂದಿನ ತಲೆಮಾರಿನ 2.5 ಲೀಟರ್ ಎಂಜಿನ್‌ನೊಂದಿಗೆ. ಹಳೆಯವು ಈಗ ಹದಿನೈದು ವರ್ಷ ದಾಟಿ ಮರುನೋಂದಣಿಯ ಸಾಲಿನಲ್ಲಿವೆ.

ಮೊದಲು ಅಳೆಯಿರಿ. ಸಮತಟ್ಟಾದ ಜಾಗ, ರಾತ್ರಿಯಿಡೀ ನಿಂತು ತಣ್ಣಗಾದ ಎಂಜಿನ್, ಡಿಪ್‌ಸ್ಟಿಕ್‌ನ ಮೇಲಿನ ಗುರುತಿನವರೆಗೆ ಆಯಿಲ್. ಓಡೋಮೀಟರ್ ಬರೆದಿಟ್ಟುಕೊಳ್ಳಿ. ಪ್ರತಿ ಐನೂರು ಕಿಲೋಮೀಟರಿಗೆ ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ ನೋಡಿ, ಮತ್ತೆ ಮೇಲಿನ ಗುರುತಿಗೆ ತರಲು ಎಷ್ಟು ಮಿಲಿಲೀಟರ್ ಹಿಡಿಯಿತೆಂದು ಬರೆಯಿರಿ. "ಸ್ವಲ್ಪ ಕುಡಿಯುತ್ತದೆ" ಎಂಬ ಮಾತಿನಿಂದ ಯಾವ ಮೆಕ್ಯಾನಿಕ್‌ಗೂ ಏನೂ ತಿಳಿಯುವುದಿಲ್ಲ. ಎರಡು ಸಾವಿರ ಕಿಲೋಮೀಟರಿನ ಇಂಥ ಒಂದು ಪಟ್ಟಿ ಎಲ್ಲವನ್ನೂ ಹೇಳುತ್ತದೆ. ನಮ್ಮಲ್ಲಿ ಸರ್ವಿಸ್ ಅವಧಿ ಹೆಚ್ಚಾಗಿ 10,000 ಕಿಲೋಮೀಟರ್ ಎಂಬುದನ್ನೂ ನೆನಪಿಡಿ. ಎರಡು ಸಾವಿರಕ್ಕೆ ಒಂದು ಲೀಟರ್ ಸುಡುವ ಕಾರು ಅಷ್ಟರಲ್ಲಿ ಐದು ಲೀಟರ್ ಸುಡುತ್ತದೆ. ಎಂಜಿನ್ ಹಿಡಿಸುವುದಕ್ಕಿಂತ ಅದು ಹೆಚ್ಚು.

ಐದು ಸಾವಿರ ಕಿಲೋಮೀಟರಿಗೆ ಒಂದು ಲೀಟರಿನೊಳಗೆ ಇದ್ದರೆ ಇಷ್ಟು ವಯಸ್ಸಾದ ಎಂಜಿನ್ ಬಿಚ್ಚಬಾರದು ಎಂಬುದು ನನ್ನ ಅಭಿಪ್ರಾಯ. ಆಯಿಲ್ ಹಾಕುತ್ತ, ಬದಲಿಸುವ ಅವಧಿಯನ್ನು ಅರ್ಧಕ್ಕೆ ಇಳಿಸಿ ಓಡಿಸಬಹುದು. ಗುರುತು ಮೇಲೆಯೇ ಇದ್ದರೆ ಬೇರಿಂಗ್‌ಗೆ ಅಪಾಯವಿಲ್ಲ. ದಪ್ಪ ಆಯಿಲ್ ಹಾಕಿಬಿಡಿ, 20ಡಬ್ಲ್ಯು-50 ಹಾಕಿದರೆ ನಿಲ್ಲುತ್ತದೆ ಎಂಬ ಸಲಹೆ ನಮ್ಮ ಗ್ಯಾರೇಜುಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಈ ಎಂಜಿನ್‌ನಲ್ಲಿ ವಾಲ್ವ್‌ಗಳ ಸಮಯ ಬದಲಿಸುವ ವಿವಿಟಿ-ಐ ವ್ಯವಸ್ಥೆಯೂ ಟೈಮಿಂಗ್ ಚೈನಿನ ಟೆನ್ಷನರ್ ಕೂಡ ಆಯಿಲ್ ಒತ್ತಡದಿಂದಲೇ ಕೆಲಸ ಮಾಡುತ್ತವೆ, ತೆಳು ಆಯಿಲ್‌ಗೆ ಲೆಕ್ಕಹಾಕಿ ಮಾಡಿದ ಸಣ್ಣ ದಾರಿಗಳಿವೆ. ಒಂದು ಮೆಟ್ಟಿಲು ಏರಿ 5ಡಬ್ಲ್ಯು-30 ಹಾಕುವುದು ಸರಿ. ಅದಕ್ಕಿಂತ ಮೇಲೆ ಹೋಗುವುದು ಒಂದು ತೊಂದರೆಗೆ ಇನ್ನೊಂದನ್ನು ಕೂಡಿಸಿದಂತೆ.

ಎರಡು ಸಾವಿರಕ್ಕೆ ಒಂದು ಲೀಟರಿನ ಆಸುಪಾಸಿಗೆ ಬಂದರೆ ಸ್ಪಾರ್ಕ್ ಪ್ಲಗ್ ತೆಗೆದು, ನಾಲ್ಕೂ ಪಿಸ್ಟನ್‌ಗಳನ್ನು ಸಿಲಿಂಡರಿನ ಮಧ್ಯಕ್ಕೆ ತಂದು, ಕಾರ್ಬನ್ ಕರಗಿಸುವ ದ್ರಾವಣ ಸುರಿದು ರಾತ್ರಿಯಿಡೀ ನೆನೆಸುವ ವಿಧಾನವನ್ನು ಒಮ್ಮೆ ಪ್ರಯತ್ನಿಸಬಹುದು. ರಿಂಗ್ ಬರೀ ಅಂಟಿಕೊಂಡಿದ್ದರೆ ಕೆಲವೊಮ್ಮೆ ಸಡಿಲಗೊಳ್ಳುತ್ತದೆ, ರಂಧ್ರ ಪೂರ್ತಿ ಕಟ್ಟಿದ್ದರೆ ಏನೂ ಆಗುವುದಿಲ್ಲ. ಇದರಲ್ಲಿ ಅಪಾಯವೂ ಇದೆ. ದ್ರವ ಸಿಲಿಂಡರಿನಲ್ಲಿ ಉಳಿದಿರುವಾಗ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿದರೆ ಪಿಸ್ಟನ್ ಅದನ್ನು ಅದುಮಲಾರದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಉಳಿದ ದ್ರವವನ್ನು ಹೀರಿ ತೆಗೆದು, ಪೆಟ್ರೋಲ್ ಬರದಂತೆ ಪಂಪ್‌ನ ಫ್ಯೂಸ್ ಕಿತ್ತು, ಪ್ಲಗ್ ಇಲ್ಲದೆಯೇ, ಮೇಲೊಂದು ಬಟ್ಟೆ ಮುಚ್ಚಿ ಎಂಜಿನ್ ತಿರುಗಿಸಬೇಕು. ದ್ರಾವಣ ಸಂಪ್‌ಗೂ ಇಳಿದಿರುವುದರಿಂದ ಕಾರು ಹೊರಡಿಸುವ ಮೊದಲೇ ಆಯಿಲ್ ಮತ್ತು ಫಿಲ್ಟರ್ ಬದಲಿಸಬೇಕು.

ಸಾವಿರಕ್ಕೆ ಒಂದು ಲೀಟರ್ ಎಂಬ ಹಂತ ತಲುಪಿದರೆ ಕ್ಯಾಟಲಿಟಿಕ್ ಕನ್ವರ್ಟರ್ ಉಳಿಯುವುದು ಕಷ್ಟ. ಎಂಜಿನ್ ಆಯಿಲ್‌ನಲ್ಲಿ ಸವೆತ ತಡೆಯಲು ಬೆರೆಸಿರುವ ರಂಜಕ ಮತ್ತು ಸತುವಿನ ಸಂಯುಕ್ತಗಳು ಉರಿದು ಅದರ ಒಳಮೈಗೆ ಲೇಪವಾಗಿ ಕೂರುತ್ತವೆ, ಕ್ರಮೇಣ ಅದು ಕೆಲಸ ನಿಲ್ಲಿಸುತ್ತದೆ. ಚೆಕ್ ಎಂಜಿನ್ ದೀಪ ಹತ್ತಿ ಸ್ಕ್ಯಾನರ್‌ನಲ್ಲಿ ಪಿ0420 ಎಂಬ, ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲವೆಂದು ಸೂಚಿಸುವ ಸಂಖ್ಯೆ ಬಂದರೆ ಕನ್ವರ್ಟರ್ ಬದಲಿಸಲು ಓಡಬೇಡಿ. ಮೂಲ ಕಾರಣ ಹಾಗೇ ಇದ್ದರೆ ಹೊಸದಕ್ಕೂ ಅದೇ ಗತಿ.

ಎಂಜಿನ್ ಬಿಚ್ಚುವುದೇ ಆದರೆ ಅರ್ಧ ಕೆಲಸ ಮಾಡಿಸಬೇಡಿ. ಬರೀ ರಿಂಗ್ ಸೆಟ್ ತಂದು ಹಳೆಯ ಪಿಸ್ಟನ್ ಮೇಲೆ ಹಾಕಿದರೆ ಅದೇ ರಂಧ್ರಗಳು ಮತ್ತೆ ಕಟ್ಟುತ್ತವೆ. ಕಂಪನಿ ತನ್ನ ದುರಸ್ತಿಯಲ್ಲಿ ಪಿಸ್ಟನ್‌ಗಳನ್ನೂ ಬದಲಿಸಿದ್ದು ಸುಮ್ಮನೆ ಅಲ್ಲ, ಹೊಸ ವಿನ್ಯಾಸದ ಪಿಸ್ಟನ್ನೇ ಬೇಕು. ಬೋರ್ ಮಾಡಿಸೋಣ ಎಂದು ಹೇಳಿದರೆ ಮೊದಲು ಬೋರ್ ಗೇಜ್ ಇಟ್ಟು ಪ್ರತಿ ಸಿಲಿಂಡರನ್ನು ಮೇಲೆ, ನಡುವೆ, ಕೆಳಗೆ ಅಳೆದು ತೋರಿಸಲು ಹೇಳಿ. ಅಳತೆ ಸರಿಯಿದ್ದು ಓರೆಗೆರೆ ಉಳಿದಿದ್ದರೆ ಲೈನರ್‌ನ ಲೋಹ ಕೆತ್ತಿ ತೆಗೆಯುವ ಅಗತ್ಯವಿಲ್ಲ.

ಕೊಳ್ಳಲು ಹೊರಟವರು ನೋಡಬೇಕಾದದ್ದು ಕಾಗದವನ್ನು. ಅಮೆರಿಕದಲ್ಲಾದರೆ ಕಾರಿನ ವಿಐಎನ್ (ಗುರುತಿನ) ಸಂಖ್ಯೆ ಕೊಟ್ಟು ಟೊಯೋಟಾ ಡೀಲರ್ ಬಳಿ ಹಳೆಯ ವಾರಂಟಿ ದುರಸ್ತಿಗಳ ವಿವರ ಕೇಳಬಹುದು. ಪಿಸ್ಟನ್ ಬದಲಾದ ದಾಖಲೆ ಸಿಕ್ಕರೆ ಎರಡು ಲಕ್ಷ ಕಿಲೋಮೀಟರ್ ಓಡಿದ ಆ ಕಾರನ್ನು, ಒಂದೂಕಾಲು ಲಕ್ಷ ಓಡಿ ಏನೂ ಮಾಡಿಸದ ಕಾರಿಗಿಂತ ನಾನು ಮೊದಲು ಆರಿಸುತ್ತೇನೆ. ದಾಖಲೆಯಿಲ್ಲದಿದ್ದರೆ ಮುನ್ನಾದಿನವೇ ಫೋನ್ ಮಾಡಿ, ಬೆಳಿಗ್ಗೆ ಬರುವವರೆಗೆ ಕಾರು ಸ್ಟಾರ್ಟ್ ಮಾಡಬೇಡಿ ಎಂದು ಮಾರುವವರಿಗೆ ಹೇಳಿ. ಹೋದ ಕೂಡಲೇ ಡಿಪ್‌ಸ್ಟಿಕ್ ಎಳೆಯಿರಿ. ಆಯಿಲ್ ಬದಲಿಸಿ ಮೂರು ತಿಂಗಳಾಯಿತು ಎಂದು ಮಾಲೀಕ ಹೇಳುತ್ತಿರುವಾಗ ಆಯಿಲ್ ಹೊಸದರಂತೆ ಹೊಂಬಣ್ಣದಲ್ಲಿದ್ದು ಮೇಲಿನ ಗುರುತಿಗೆ ಸರಿಯಾಗಿ ನಿಂತಿದ್ದರೆ, ಅದು ನಿನ್ನೆ ಸಂಜೆ ಸುರಿದ ಆಯಿಲ್ ಇರಬಹುದು. ಸೈಲೆನ್ಸರ್‌ನ ತುದಿಯೊಳಗೆ ಬೆರಳಾಡಿಸಿ: ಒಣ ಮಸಿ ಬಂದರೆ ಚಿಂತೆಯಿಲ್ಲ, ಒರೆಸಿದರೂ ಹೋಗದ ಜಿಡ್ಡುಮಸಿ ಬಂದರೆ ಬೆಲೆಯ ಮಾತು ಪಿಸ್ಟನ್ ಕೆಲಸದ ಖರ್ಚನ್ನು ಕಳೆದ ಮೇಲೆಯೇ ಶುರುವಾಗಬೇಕು.